ಎರಡು ಬಕೆಟ್, ಒಂದು ಚೀಲ: ದಿನಾ ಬಳಸುವವರ ಕಡೆಯಿಂದ ಒಂದು ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಬರೀ ಬಕೆಟ್ಟಿಗೂ ಚೀಲಕ್ಕೂ ಆಗಿದ್ದರೆ ಐದೂ ಕೊಟ್ಟುಬಿಡುತ್ತಿದ್ದೆ. ಒಂದು ಸ್ಟಾರ್ ಕಿತ್ತುಕೊಂಡಿದ್ದು ಕಸ ನಮ್ಮ ಗೇಟು ದಾಟಿದ ಮೇಲೆ ನಡೆಯುವ ಕೆಲಸಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ: ‘2 ಬಿನ್ 1 ಬ್ಯಾಗ್’ ಅಂತ ಇದರ ಹೆಸರು. ಹಸಿರು ಬಕೆಟ್ ಹಸಿ ಕಸಕ್ಕೆ. ಕೆಂಪು ಬಕೆಟ್ ಪ್ಯಾಡು, ಡಯಾಪರ್, ಬ್ಯಾಂಡೇಜು, ಬ್ಲೇಡು ಇಂಥವಕ್ಕೆ. ಚೀಲ ಒಣ ಕಸಕ್ಕೆ. ಮುಗಿಯಿತು. ಸೆಟ್ಟಾಗಿಯೂ ಸಿಗುತ್ತದೆ, ಏನೇನು ಎಲ್ಲಿಗೆ ಹಾಕಬೇಕು ಅಂತ ಚಿತ್ರದ ಸ್ಟಿಕ್ಕರ್ ಇರುತ್ತದೆ. ಸೆಟ್ಟೇ ಬೇಕು ಅಂತೇನಿಲ್ಲ, ಮನೆಯಲ್ಲಿರುವ ಹಳೇ ಬಕೆಟ್ಟಿಗೆ ಬಣ್ಣದ ಟೇಪ್ ಸುತ್ತಿದರೂ ನಡೆಯುತ್ತದೆ. ಇಷ್ಟು ಸರಳ ವಸ್ತುವಿಗೆ ಇಷ್ಟುದ್ದ ರಿವ್ಯೂ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಈ ಊರಿನಲ್ಲಿ ಜನರೇ ಕೂತು ಯೋಚನೆ ಮಾಡಿ, ಜನರೇ ಮನೆಮನೆಗೆ ಹೋಗಿ ಹೇಳಿ, ಕೊನೆಗೆ ಇಡೀ ನಗರದ ನಿಯಮವಾದ ಪ್ಲಾನುಗಳು ತುಂಬಾ ಕಡಿಮೆ. ಇದು ಅಂಥದ್ದೊಂದು.

ಹಿಂದಿನ ಕಥೆ ಸ್ವಲ್ಪ ಗೊತ್ತಿರಬೇಕು. 2012ರಲ್ಲಿ ಬೆಂಗಳೂರಲ್ಲಿದ್ದವರಿಗೆ ಆ ನಾತ ನೆನಪಿರುತ್ತದೆ. ಯಲಹಂಕದ ಆಚೆ ಮಾವಳ್ಳಿಪುರದಲ್ಲಿದ್ದ ಕಸದ ಗುಡ್ಡೆ ಮುಚ್ಚಿತು. ಲಾರಿಗಳಿಗೆ ಹೋಗಲು ಜಾಗವಿಲ್ಲ. ಬೀದಿ ಮೂಲೆಗಳಲ್ಲಿ ಕಸ ಕೊಳೆಯಿತು. ಆ ವರ್ಷದ ಅಕ್ಟೋಬರ್ 1ರಿಂದ ಎಲ್ಲರೂ ಕಸ ಬೇರೆ ಮಾಡಲೇಬೇಕು ಅಂತ ಆದೇಶ ಬಂತು. ಆದೇಶ ಬಂದಿದ್ದೇನೋ ಸರಿ, ಯಾವ ಡಬ್ಬಕ್ಕೆ ಯಾವುದು, ಯಾವ ದಿನ ಯಾರಿಗೆ ಕೊಡಬೇಕು ಅನ್ನುವುದು ಬಹಳ ಮನೆಗಳಿಗೆ ಮುಟ್ಟಲೇ ಇಲ್ಲ. ಅಷ್ಟರಲ್ಲಿ ನಗರದ ಕಸದ ಭಾರವೆಲ್ಲ ನಗರದಾಚೆಯ ಮಂಡೂರು ಅನ್ನುವ ಹಳ್ಳಿಯ ಮೇಲೆ ಬಿತ್ತು. ನೊಣ, ವಾಸನೆ, ಕೆಟ್ಟ ನೀರು ಅಂತ ಕೂಗಿ ಕೂಗಿ ಸಾಕಾಗಿ ಅಲ್ಲಿನ ಜನ 2014ರ ಜೂನ್‌ನಲ್ಲಿ ರಸ್ತೆಗೆ ಇಳಿದರು. ಡಿಸೆಂಬರ್ 1ರಿಂದ ಇಲ್ಲಿಗೆ ಕಸ ತರುವುದಿಲ್ಲ ಅಂತ ಸರ್ಕಾರ ಮಾತು ಕೊಡಬೇಕಾಯಿತು, ಆಮೇಲೆ ನಿಲ್ಲಿಸಿತು ಕೂಡ.

ನಗರ ಯೋಜನೆ ಅಂದ ಕೂಡಲೇ ನಮಗೆ ಫ್ಲೈಓವರ್, ಮೆಟ್ರೋ ನೆನಪಾಗುತ್ತವೆ. ನಮ್ಮ ಮನೆಯ ಕೊಳೆತ ಟೊಮೆಟೊ ಯಾವ ಊರಿನವರ ಬೋರ್‌ವೆಲ್ ಪಕ್ಕ ಹೋಗಿ ಬೀಳಬೇಕು ಅನ್ನುವುದೂ ನಗರ ಯೋಜನೆಯೇ ಅಲ್ವಾ? ಆ ಊರಿನವರನ್ನು ಮಾತ್ರ ಯಾರೂ ಕರೆದು ಕೇಳಿರಲಿಲ್ಲ. ಕರಾವಳಿಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಪಕ್ಕದ ಮಂದಾರ ಅನ್ನುವ ಊರಿನ ಮನೆ, ಅಡಿಕೆ ತೋಟಗಳ ಮೇಲೆ ಹೋಯಿತು. ಜನ ಮನೆ ಬಿಟ್ಟು ಹೊರಡಬೇಕಾಯಿತು. ಆ ರಾಶಿಯಲ್ಲಿ ಇದ್ದಿದ್ದು ಒಂದೊಂದೇ ಮನೆಯಿಂದ ಹೋದ ಕವರುಗಳು.

ಈ ಎರಡು ಬಕೆಟ್ಟಿನ ಐಡಿಯಾ ಹುಟ್ಟಿದ್ದು ಆ ಗಲಾಟೆಯ ಮಧ್ಯೆ. ಬೆಂಗಳೂರಿನಲ್ಲಿ 2009ರಿಂದಲೇ ಘನತ್ಯಾಜ್ಯದ ಬಗ್ಗೆ ‘ರೌಂಡ್ ಟೇಬಲ್’ ಅಂತ ಒಂದು ಗುಂಪು ಇತ್ತು. ಕಸದ ಬಗ್ಗೆ ತಲೆ ಕೆಡಿಸಿಕೊಂಡವರು, ಸಂಬಳಕ್ಕಲ್ಲದೆ ಕೆಲಸ ಮಾಡುವವರು, ಹೆಚ್ಚಿನವರು ಹೆಂಗಸರು. ಬೆಳ್ಳಂದೂರು, ಎಚ್‌ಎಸ್‌ಆರ್ ಲೇಔಟ್ ಕಡೆಯ ನಿವಾಸಿಗಳೂ ಸೇರಿಕೊಂಡರು. ತಮ್ಮ ಅಪಾರ್ಟ್‌ಮೆಂಟುಗಳಲ್ಲೇ ಮೊದಲು ಮಾಡಿ ನೋಡಿದರು. ಯಾವುದು ನಡೆಯುತ್ತದೆ, ಯಾವುದು ಒಂದೇ ವಾರಕ್ಕೆ ಹಳ್ಳ ಹಿಡಿಯುತ್ತದೆ ಅಂತ ಅವರಿಗೆ ಅಲ್ಲೇ ಗೊತ್ತಾಯಿತು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದೇ ಪದ್ಧತಿಯನ್ನು ಇಡೀ ನಗರಕ್ಕೆ ಕಡ್ಡಾಯ ಮಾಡಿತು. ಬಕೆಟ್ ಒಳಗೆ ಪ್ಲಾಸ್ಟಿಕ್ ಕವರ್ ಹಾಸಬಾರದು ಅನ್ನುವುದೂ ಅದರಲ್ಲೇ ಬಂತು. ಮರುವರ್ಷ ಬಂದ ಕೇಂದ್ರದ ನಿಯಮವೂ ಕಸವನ್ನು ಮೂರು ಭಾಗ ಮಾಡಿ ಅಂತಲೇ ಹೇಳಿತು.

ಸರಿ, ಈಗ ಸಾಮಾನಿನ ವಿಷಯ.

ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಹಸಿರು ಬಕೆಟ್ ಸಿಂಕ್ ಕೆಳಗೆ ಕೂರುತ್ತದೆ. ಮುಚ್ಚಳ ಗಟ್ಟಿಯಾಗಿರಬೇಕು, ಇದೊಂದರಲ್ಲಿ ರಾಜಿ ಬೇಡ. ತಳಕ್ಕೆ ಎರಡು ಪದರ ನ್ಯೂಸ್‌ಪೇಪರ್ ಹಾಸುತ್ತೇವೆ. ಪೇಪರ್ ಸಮೇತ ಹಸಿ ಕಸಕ್ಕೇ ಹೋಗಬಹುದು, ತೊಂದರೆಯಿಲ್ಲ. ಸಾರಿನ ನೀರು, ಮಜ್ಜಿಗೆ ಇವನ್ನು ಸೋಸಿ ಹಾಕಿದರೆ ವಾಸನೆ ಅರ್ಧಕ್ಕರ್ಧ ಇಳಿಯುತ್ತದೆ. ಮಾವಿನ ಸೀಸನ್ನಿನಲ್ಲಿ ಸಣ್ಣ ಹುಳ ಏಳುತ್ತವೆ, ಅದಕ್ಕೆ ಒಂದು ಹಿಡಿ ಒಣಗಿದ ಎಲೆಯೋ ತೆಂಗಿನ ನಾರಿನ ಪುಡಿಯೋ ಮೇಲೆ ಉದುರಿಸಬೇಕು. ಕವರ್ ಇಲ್ಲದಿದ್ದರೆ ಬಕೆಟ್ ದಿನಾ ತೊಳೆಯಬೇಕು, ಯಾರು ತೊಳೆಯುವುದು ಅನ್ನುವ ಜಗಳ ಎಲ್ಲ ಮನೆಯಲ್ಲೂ ಇದೆ. ನಮ್ಮಲ್ಲೂ ಇದೆ. ಅಡುಗೆ ಮಾಡಿದವರು ಬಕೆಟ್ ತೊಳೆಯುವಂತಿಲ್ಲ ಅಂತ ನಾನು ಕಾನೂನು ಮಾಡಿದ್ದೇನೆ, ಪಾಲನೆ ಆಗುತ್ತಿದೆ, ಸ್ವಲ್ಪ ಗೊಣಗಾಟದ ಜೊತೆ.

ಕವರ್ ಬೇಡ ಅಂದಿದ್ದು ಯಾಕೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಹಸಿ ಕಸವನ್ನು ಕವರಿನಲ್ಲಿ ಕಟ್ಟಿ ಕೊಟ್ಟರೆ ಯಾರೋ ಒಬ್ಬರು ಅದನ್ನು ಕೈಯಿಂದ ಹರಿದು ಸುರಿಯಬೇಕು. ಇಲ್ಲವಾದರೆ ಕವರ್ ಸಮೇತ ಗೊಬ್ಬರದ ಗುಡ್ಡೆಗೆ ಹೋಗುತ್ತದೆ, ಆ ಗೊಬ್ಬರವನ್ನು ಯಾವ ರೈತನೂ ಮುಟ್ಟುವುದಿಲ್ಲ. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಹಳ್ಳಿಯಲ್ಲಿ ಇದೆಲ್ಲ ತಿಪ್ಪೆಗೆ ಹೋಗಿ ಮುಂದಿನ ಬೆಳೆಗೆ ಬರುತ್ತಿತ್ತು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಡಾವಣೆ ಮಟ್ಟದಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಮನೆಗಳಿಂದ ಬೇರೆಯಾಗಿ ಬಂದ ಕಸವನ್ನು ಅಲ್ಲೇ ವಿಂಗಡಿಸಿ, ಹಸಿಯದ್ದನ್ನು ಗೊಬ್ಬರ ಮಾಡಿ ರೈತರಿಗೆ ಮಾರುತ್ತಾರೆ.

ದೇವರ ಹೂವಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅತ್ತೆಗೆ ಅದನ್ನು ಕಸದ ಬಕೆಟ್ಟಿಗೆ ಹಾಕಲು ಸುತಾರಾಂ ಇಷ್ಟವಿಲ್ಲ. ಬೇಡ ಬಿಡಿ, ಗಿಡದ ಕುಂಡಕ್ಕೆ ಹಾಕಿ. ನಿಜವಾದ ತೊಂದರೆ ಆಯುಧ ಪೂಜೆಯ ಮರುದಿನ. ಬಾಳೆಕಂದು, ಒಡೆದ ಬೂದುಗುಂಬಳಕಾಯಿ, ಮಾವಿನ ತೋರಣ, ಎಲ್ಲ ಬೀದಿಯಲ್ಲೇ. ಇದು ಯಾವ ಬಕೆಟ್ಟಿಗೂ ಹಿಡಿಸುವುದಿಲ್ಲ. ಎಳನೀರು ಬುರುಡೆಯೂ ಅಷ್ಟೇ.

ಕೆಂಪು ಬಕೆಟ್ ಚಿಕ್ಕದಿರಲಿ. ಮಗು ಇರುವ ಮನೆಯಲ್ಲದಿದ್ದರೆ ಅದು ತುಂಬುವುದೇ ಇಲ್ಲ. ಆದರೆ ಈ ಮೂರರಲ್ಲಿ ಅತಿ ಮುಖ್ಯವಾದದ್ದು ಇದೇ ಅಂತ ನನ್ನ ಲೆಕ್ಕ. ಇದು ಇಲ್ಲದಿದ್ದಾಗ ಪ್ಯಾಡು, ಡಯಾಪರ್ ಎಲ್ಲ ಎಲ್ಲಿಗೆ ಹೋಗುತ್ತಿತ್ತು? ಸೊಪ್ಪು ಸಿಪ್ಪೆ ಜೊತೆಗೇ. ಒಣ ಕಸ ಆರಿಸುವವರ ಕೈಗೆ ಅದು ನೇರವಾಗಿ ಸಿಗುತ್ತಿತ್ತು, ಒಡೆದ ಗ್ಲಾಸಿನ ಚೂರು, ಇಂಜೆಕ್ಷನ್ ಸೂಜಿ ಜೊತೆ. ಅದಕ್ಕೇ ‘ಕೆಂಪು ಚುಕ್ಕೆ’ ಅಂತ ಒಂದು ಅಭಿಯಾನ ಮಾಡಿದರು. ಪ್ಯಾಡನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ, ಅಷ್ಟೇ. ನೋಡಿದ ಕೂಡಲೇ ಗೊತ್ತಾಗುತ್ತದೆ, ಬಿಚ್ಚಬೇಕಾಗಿಲ್ಲ. ಓದು ಬರಹ ಬರಬೇಕಾಗಿಲ್ಲ, ಭಾಷೆ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ. ಪ್ಯಾಡ್ ಮಾಡುವ ಕಂಪನಿಗಳೇ ಸುತ್ತಿ ಎಸೆಯಲು ಕವರ್ ಕೊಡಬೇಕು ಅಂತ 2016ರ ಕೇಂದ್ರದ ನಿಯಮ ಹೇಳಿತ್ತು. ಕೊಟ್ಟಾಗ ಬಳಸಿ, ಕೊಡದಿದ್ದಾಗ ಪೇಪರ್ ಇದ್ದೇ ಇದೆ. ನಮ್ಮ ಕೆಳಗಿನ ಮನೆಯ ಓನರ್ ಆಂಟಿಗೆ ಇದನ್ನು ಹೇಳುವಾಗ ಅವರು ನಾಚಿಕೊಂಡು ಆ ಕಡೆ ಈ ಕಡೆ ನೋಡಿದರು. ಆಮೇಲೆ ತಮ್ಮ ಸೊಸೆಗೆ, ಪಕ್ಕದ ಮನೆಯವರಿಗೆ, ಹಾಲಿನವಳಿಗೆ, ಎಲ್ಲರಿಗೂ ಅವರೇ ಹೇಳಿಕೊಟ್ಟರು. ನಾನು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಕಿ ಚೀಲವೂ ಸಾಕು. ಒಂದೇ ಮಾತು: ನಂದಿನಿ ಹಾಲಿನ ಕವರನ್ನು ನೀರಿನಲ್ಲಿ ಅಲುಗಿಸಿ, ಟ್ಯಾಪಿನ ಮೇಲೆ ಒಣಗಲು ಹಾಕಿ. ತೊಳೆದ ಕವರಿಗೆ ರೇಟಿದೆ, ಹುಳಿ ವಾಸನೆಯದ್ದನ್ನು ಯಾರೂ ಕೊಳ್ಳುವುದಿಲ್ಲ. ರಟ್ಟು, ನೀರಿನ ಬಾಟಲಿ, ಪೇಪರ್ ಇವಕ್ಕೂ ಗಿರಾಕಿ ಇದ್ದಾರೆ. ಚಿಪ್ಸ್ ಪ್ಯಾಕೆಟ್ಟಿಗೆ ಮಾತ್ರ ಯಾರೂ ಇಲ್ಲ, ಅದು ಹೋದರೆ ಸಿಮೆಂಟ್ ಫ್ಯಾಕ್ಟರಿಯ ಕುಲುಮೆಗೆ. ಇದರಲ್ಲಿ ಯಾರ ಹೊಟ್ಟೆಪಾಡಿದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ 2011ರಲ್ಲಿ ಪಾಲಿಕೆಯಿಂದ ಗುರುತಿನ ಚೀಟಿ ಸಿಕ್ಕಿತು. ಅದಕ್ಕೂ ಮುಂಚೆ ಬೆಳಗ್ಗೆ ಐದಕ್ಕೆ ಚೀಲ ಹಿಡಿದು ಬೀದಿಯಲ್ಲಿ ಹೋದರೆ ಕಳ್ಳರು ಅಂತ ಅನುಮಾನ ಪಡುತ್ತಿದ್ದರು. ಆಮೇಲೆ ‘ಹಸಿರು ದಳ’ದಂಥ ಸಂಘಟನೆಗಳ ಜೊತೆ ಅವರಲ್ಲಿ ಕೆಲವರು ವಾರ್ಡಿನ ಒಣ ಕಸ ಕೇಂದ್ರಗಳನ್ನೇ ನಡೆಸತೊಡಗಿದರು. ಊರು ಸ್ವಚ್ಛ ಮಾಡುವ ಪ್ಲಾನು ಮಾಡುವಾಗ ಅದನ್ನು ಮುಂಚಿನಿಂದ ಮಾಡುತ್ತಿದ್ದವರನ್ನು ಹೊರಗೆ ಹಾಕಿ, ಹೊಸ ಕಂಪನಿಗೆ ಟೆಂಡರ್ ಕೊಡುವುದು ಎಲ್ಲ ಕಡೆ ನಡೆಯುವ ಪದ್ಧತಿ. ಇಲ್ಲಿ ಪೂರ್ತಿ ಹಾಗಾಗಲಿಲ್ಲ. ನಾನು ಕೊಟ್ಟ ನಾಲ್ಕು ಸ್ಟಾರ್‌ನಲ್ಲಿ ಒಂದೂವರೆ ಇದಕ್ಕೇ.

ಈಗ ಬೈಗುಳ.

ನಾವು ಮುಂಚೆ ಇದ್ದ ಏರಿಯಾದಲ್ಲಿ ಬೆಳಗ್ಗೆ ಆಟೋ ಬರುತ್ತಿತ್ತು, ಹಾಡು ಹಾಕಿಕೊಂಡು. ನಾನು ಮೂರನ್ನೂ ಬೇರೆ ಬೇರೆ ಹಿಡಿದು ಇಳಿದರೆ, ಹೆಲ್ಪರ್ ಹುಡುಗ ಮೂರನ್ನೂ ಒಂದೇ ಕಡೆ ಸುರಿಯುತ್ತಿದ್ದ. ಕೇಳಿದರೆ, ‘ಅಕ್ಕಾ, ಆಟೋದಲ್ಲಿ ಒಂದೇ ಡಬ್ಬ ಇರೋದು, ನಾನೇನ್ ಮಾಡ್ಲಿ’ ಅಂದ. ಅವನು ಹೇಳಿದ್ದು ಸರಿ. ಆಟೋಗೆ ಅಡ್ಡ ಹಲಗೆ ಹಾಕಿ ಎರಡು ಭಾಗ ಮಾಡಬೇಕಾದವರು ಗುತ್ತಿಗೆದಾರರು, ಅದನ್ನು ನೋಡಿಕೊಳ್ಳಬೇಕಾದವರು ಮೇಲಿನವರು. ಹೆಸರು ಹೇಳುವುದಿಲ್ಲ, ಈಗ ಅಲ್ಲಿ ಬೇರೆಯವರಿರಬಹುದು. ಆದರೆ ಇದೊಂದು ದೃಶ್ಯ ಸಾಕು, ಒಂದು ಬೀದಿಯ ಎಲ್ಲ ಮನೆಯವರೂ ಬೇರೆ ಮಾಡುವುದನ್ನು ಬಿಟ್ಟುಬಿಡುತ್ತಾರೆ. ‘ಅವರೇ ಒಟ್ಟಿಗೆ ಹಾಕ್ತಾರಲ್ಲ’ ಅನ್ನುವ ಮಾತಿಗೆ ಯಾವ ಸ್ವಯಂಸೇವಕರ ಹತ್ತಿರವೂ ಉತ್ತರ ಇರುವುದಿಲ್ಲ. ಈಗಿರುವ ಬೀದಿಯಲ್ಲಿ ಪರವಾಗಿಲ್ಲ. ಹಸಿ ಕಸ ದಿನಾ, ಒಣ ಕಸ ಗೊತ್ತಾದ ದಿನ, ಸ್ಯಾನಿಟರಿಗೆ ಪಕ್ಕದಲ್ಲಿ ಬೇರೆ ಚೀಲ ನೇತುಹಾಕಿರುತ್ತಾರೆ. ಅದೇ ಊರು, ಅದೇ ನಿಯಮ, ಎರಡು ಬೀದಿಗೆ ಎರಡು ನ್ಯಾಯ.

ಎರಡನೇ ದೂರು ಇದಕ್ಕಿಂತ ದೊಡ್ಡದು. ಈ ಅಭಿಯಾನದ ಪ್ರಚಾರ ಮೊದಲಿಂದಲೂ ಯಾರ ಮನೆ ಬಾಗಿಲು ತಟ್ಟಿತು? ಅಪಾರ್ಟ್‌ಮೆಂಟಿನವರ ಬಾಗಿಲು. ಅಲ್ಲಿ ಒಂದು ಸಂಘ ಇರುತ್ತದೆ, ವಾಟ್ಸಾಪ್ ಗ್ರೂಪ್ ಇರುತ್ತದೆ, ಸಂಜೆ ಮೀಟಿಂಗ್ ಮಾಡಿದರೆ ಜನ ಬರುತ್ತಾರೆ. ವಠಾರಕ್ಕೆ ಬನ್ನಿ. ಒಂದು ಕೋಣೆಯ ಮನೆ, ಅದರಲ್ಲೇ ಅಡುಗೆ, ಅದರಲ್ಲೇ ಮಲಗುವುದು. ಅಲ್ಲಿ ಮೂರು ಡಬ್ಬ ಎಲ್ಲಿಡಬೇಕು? ಓಣಿಗೆ ಆಟೋ ಬರುವುದಿಲ್ಲ, ಬರುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಮನೆಕೆಲಸಕ್ಕೆ ಬರುವ ಅಕ್ಕ ಹೀಗೆಂದರು: ‘ನಿಮ್ಮನೇಲಿ ಮೂರಾಗಿ ಬೇರೆ ಮಾಡಿಕೊಡೋಳು ನಾನೇ. ನಮ್ಮನೆ ಕಸ ಮಾತ್ರ ರಾತ್ರಿ ಕತ್ತಲಲ್ಲಿ ಮೂಲೆಗೆ ಹಾಕ್ಬೇಕು.’ ಅವರಿಗೆ ತಿಳಿವಳಿಕೆ ಕಡಿಮೆ ಅಂತಲ್ಲ. ಎಷ್ಟೋ ಮನೆಯೊಡತಿಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವರಿಗೆ ಬೇಕಾಗಿರುವುದು ಸಂಜೆ ಏಳಕ್ಕೆ ಓಣಿಯ ಬಾಯಿಗೆ ಬರುವ ಒಂದು ತಳ್ಳುಗಾಡಿ, ಹತ್ತು ಮನೆಗೆ ಸೇರಿ ಇಡುವ ಮೂರು ದೊಡ್ಡ ಡಬ್ಬ. ಇದನ್ನು ಅವರ ಹತ್ತಿರ ಕೂತು ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು.

ಪಿಜಿಗಳ ಕಥೆಯಂತೂ ಕೇಳಲೇಬೇಡಿ. ಹುಡುಗರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಊಟದ ಪಾರ್ಸೆಲ್ ಡಬ್ಬ ಅರ್ಧ ಸಾಂಬಾರ್ ಸಮೇತ ಹೋಗುತ್ತದೆ, ಓನರ್ ಎಲ್ಲೋ ಇರುತ್ತಾರೆ.

2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕವೂ ಬಂದಿದೆ. ಕಟ್ಟಡ ಎಷ್ಟು ದೊಡ್ಡದು ಅನ್ನುವುದರ ಮೇಲೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಚಿಕ್ಕ ಮನೆಗೆ ಕಡಿಮೆ ಇಟ್ಟಿದ್ದು ಸರಿಯಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ದುಡ್ಡು ಕೊಡುವ ಮನೆಗೆ ಒಂದು ಚೀಟಿ ಬರಬೇಕಿತ್ತು: ನಿಮ್ಮ ಬೀದಿಗೆ ಯಾವ ದಿನ ಏನು ತೆಗೆದುಕೊಳ್ಳುತ್ತಾರೆ, ಒಟ್ಟಿಗೆ ಸುರಿದರೆ ಯಾರಿಗೆ ಫೋನ್ ಮಾಡಬೇಕು, ಕಸ ಕೊನೆಗೆ ಎಲ್ಲಿ ಹೋಗುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಅಂಥದ್ದು ಬಂದಿಲ್ಲ.

ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಬೀದಿಗೆ ಕಸ ಎಸೆದವರ ಮನೆ ಮುಂದೆ ಕಸ ವಾಪಸ್ ಸುರಿದು ದಂಡ ಹಾಕುವ ‘ಕಸ ಸುರಿಯುವ ಹಬ್ಬ’ ನಡೆಯಿತು. ವಿಡಿಯೋ ನೋಡಿ ಬಹಳ ಜನ ಚಪ್ಪಾಳೆ ಹೊಡೆದರು. ಬಂಗಲೆ ಮಾಡಿಕೊಂಡು, ಕಾರಿನಲ್ಲಿ ಬಂದು, ಕಿಟಕಿಯಿಂದ ಕವರ್ ಎಸೆದು ಹೋಗುವವರಿಗೆ ಇದೇ ಮದ್ದು ಅಂತ ನನಗೂ ಅನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಅಕ್ಕನ ಓಣಿಗೆ ಗಾಡಿಯೇ ಬರದಿದ್ದಾಗ ಅವರ ಬಾಗಿಲಿಗೆ ಕಸ ಸುರಿದರೆ ಅದು ಯಾವ ನ್ಯಾಯ? ಮೊದಲು ಗಾಡಿ, ಆಮೇಲೆ ದಂಡ. ಗಾಡಿ ತಪ್ಪದೆ ಬರುವ ಬೀದಿಯಲ್ಲಿ ಎಸೆದವರಿಗೆ ಎರಡರಷ್ಟು ದಂಡ ಹಾಕಿ, ನನ್ನ ತಕರಾರಿಲ್ಲ.

ಮಂಡೂರು ಮುಚ್ಚಿದ ಮೇಲೆ ಎಲ್ಲ ಸರಿಹೋಯಿತು ಅಂತ ಅಂದುಕೊಂಡವರಿಗೆ: ಬೇರೆ ಮಾಡದ ಕಸ ಈಗ ನಗರದ ಉತ್ತರಕ್ಕೆ ಮಿಟ್ಟಗಾನಹಳ್ಳಿ ಕಡೆಯ ಕಲ್ಲು ಕ್ವಾರಿಗಳಿಗೆ ಹೋಗುತ್ತಾ ಬಂದಿದೆ. ಊರಿನ ಹೆಸರು ಬದಲಾಯಿತು ಅಷ್ಟೇ. ನಾವು ಹಸಿರು ಬಕೆಟ್ಟಿಗೆ ಹಾಕಿದ್ದು ನಿಜವಾಗಿ ಗೊಬ್ಬರವಾದರೆ ಅಲ್ಲಿಗೆ ಹೋಗುವ ಲಾರಿ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಲೆಕ್ಕ ಇಷ್ಟು ಸುಲಭ.

ಕೊಳ್ಳುವವರಿಗೆ ಕೊನೆಯ ಕೆಲವು ಮಾತು. ನಾಲ್ಕು ಜನರ ಮನೆಗೆ ಹಸಿರು ಬಕೆಟ್ ತೀರಾ ದೊಡ್ಡದು ಬೇಡ, ದೊಡ್ಡದಿದ್ದರೆ ಎರಡು ದಿನ ಇಟ್ಟುಕೊಳ್ಳುವ ಸೋಮಾರಿತನ ಬರುತ್ತದೆ. ಹಿಡಿ ಗಟ್ಟಿ ಇದೆಯಾ ನೋಡಿ, ಎರಡು ಮಹಡಿ ಇಳಿಸಬೇಕು. ತೂತಿನ ಬಕೆಟ್ ತರಬೇಡಿ, ಅದು ಗೊಬ್ಬರ ಮಾಡುವವರಿಗೆ. ಗೊಬ್ಬರವನ್ನೂ ಮನೆಯಲ್ಲೇ ಮಾಡುವ ಆಸೆ ಇದ್ದರೆ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ಅಂತ ಒಂದು ಪಾರ್ಕಿದೆ, ನಾನಾ ನಮೂನೆಯ ಗೊಬ್ಬರದ ಡಬ್ಬಗಳನ್ನು ಸಾಲಾಗಿ ಇಟ್ಟಿದ್ದಾರೆ. ಮೊದಲು ನೋಡಿ, ಮೂಸಿ, ಆಮೇಲೆ ದುಡ್ಡು ಹಾಕಿ. ಸ್ಟಿಕ್ಕರ್ ಕೊಳ್ಳುವಾಗ ನಿಮ್ಮ ಮನೆಯಲ್ಲಿ ಕಸ ಹಾಕುವವರು ಓದುವ ಭಾಷೆಯದ್ದು ತೆಗೆದುಕೊಳ್ಳಿ, ತಮಿಳೋ ತೆಲುಗೋ ಹಿಂದಿಯೋ. ಸಿಗದಿದ್ದರೆ ಕೈಯಲ್ಲೇ ಬರೆದು ಅಂಟಿಸಿ.

ಮತ್ತೆ, ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಪಿಜಿ ನಡೆಸುತ್ತಿದ್ದು ಮೂರು ಡಬ್ಬ ಇಟ್ಟು ಗೆದ್ದಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ನಮ್ಮ ಪಕ್ಕದ ಬಿಲ್ಡಿಂಗ್ ಪಿಜಿ ಓನರ್‌ಗೆ ತೋರಿಸಬೇಕಾಗಿದೆ.